ಹಿಮದ ಹಾಸಿನೊಳಗೆ ಏನಿದೆ?

2022ರ ಅಕ್ಟೋಬರ್ 4ರಂದು ಉತ್ತರಾಖಂಡದ ‘ದ್ರೌಪದಿ ಕಾ ಡಾಂಡಾ’ ಬೆಟ್ಟದಲ್ಲಿ ಪರ್ವತಾರೋಹಣ ಕಲಿಯುತ್ತಿದ್ದ ತಂಡ ಹಿಮಕುಸಿತಕ್ಕೆ ಸಿಲುಕಿ 27 ಮಂದಿ ಮಡಿದರು. ಸುಮ್ಮನೆ ಕುಳಿತಿದ್ದ ಹಿಮ ಜಾರುವುದೇಕೆ?

ಹಿಮ ಪದರ ಪದರವಾಗಿ ಕೂರುತ್ತದೆ. ಮೇಲೆ ಕಡುಚಳಿ, ನೆಲದ ಬಳಿ ಅಷ್ಟು ಚಳಿಯಿಲ್ಲ. ಈ ವ್ಯತ್ಯಾಸದಿಂದ ಕೆಲವೊಮ್ಮೆ ಒಳಗಿನ ಹರಳುಗಳು ಸಕ್ಕರೆಯಂತೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಗಾಳಿ ತಂದ ಹಿಮ ಹಲಗೆಯಂತೆ ಗಟ್ಟಿಯಾಗುತ್ತದೆ. ಓರೆಯಾದ ಮಣೆಯ ಮೇಲೆ ಸಕ್ಕರೆ ಹರಡಿ, ಸ್ಲೇಟು ಇಟ್ಟು ನೋಡಿ, ತಿಳಿಯುತ್ತದೆ! (ಸಕ್ಕರೆಗೆ ಅಮ್ಮನನ್ನು ಕೇಳಿ.) 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಒಬ್ಬರ ಹೆಜ್ಜೆಯ ಭಾರವೇ ಸಾಕಾಗಬಹುದು.

ಆದ್ದರಿಂದ ಅನುಭವಿಗಳು ಮೊದಲು ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುತ್ತಾರೆ. ಅನುಮಾನವಿದ್ದರೆ ದಾರಿ ಬದಲಿಸುತ್ತಾರೆ. ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು. ಅದಕ್ಕೇ ಪ್ರತಿಯೊಬ್ಬರ ಚೀಲದಲ್ಲೂ ಒಂದು ಸಲಿಕೆ ಇರಬೇಕು.