ಪಂಜರದ ಹಕ್ಕಿಯ ಗುಟುಕು

ಹೆಂಚಿನ ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಚ್ಚಿಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಅಂಗಳದಲ್ಲಿ ಹರವಿದ ಅಕ್ಕಿಯನ್ನೂ ರಾಗಿಯನ್ನೂ ದಿನವಿಡೀ ಹೆಕ್ಕಿ ತಿನ್ನುತ್ತಿದ್ದ ಆ ಹಕ್ಕಿಯೇ, ಮೊಟ್ಟೆಯೊಡೆದು ಮರಿ ಬಾಯ್ದೆರೆದೊಡನೆ ಕಾಳಿನ ರಾಶಿಯನ್ನು ಬಿಟ್ಟು ಹಿತ್ತಿಲ ಅವರೆಯ ಚಪ್ಪರಕ್ಕೆ ಹಾರಿ, ಮೆತ್ತನೆಯ ಹಸಿರು ಹುಳುವನ್ನು ಕೊಕ್ಕಿನಲ್ಲಿ ಕಚ್ಚಿ ತರುತ್ತದೆ. ಗೀಜಗನ ರೀತಿಯೂ ಇದೇ. ಧಾನ್ಯಾಹಾರಿಗಳೆಂದು ನಾವು ಕರೆಯುವ ಪಕ್ಷಿಗಳಲ್ಲಿ ಬಹುಪಾಲು ತಮ್ಮ ಶೈಶವದಲ್ಲಿ ಕೀಟಗಳನ್ನುಂಡೇ ಬೆಳೆಯತಕ್ಕವು. ಫಿಂಚ್ ಹಕ್ಕಿಗಳನ್ನು ಸಾಕುವವರು ಈ ಮಾತನ್ನು ಮರೆತಲ್ಲಿ, ತುಂಬಿದ ನವಣೆಯ ಬಟ್ಟಲಿನ ಪಕ್ಕದಲ್ಲಿಯೇ ಎರಡು ಮೂರು ದಿನದ ಮರಿ ಸತ್ತು ಬಿದ್ದಿರುತ್ತದೆ. ತಾಯಿಯೇ ಹೊರಗೆಸೆದಳೆಂದು ಅದನ್ನು ನಿಂದಿಸುವುದು ಅನ್ಯಾಯ; ಉಣಿಸಲು ತಕ್ಕುದು ದೊರೆಯದ ಮರಿಯನ್ನು ಅದು ಎಸೆದಿರುತ್ತದೆ.

ಮೈಸೂರಿನ ಕೆರೆಗಳ ಜೊಂಡಿನಲ್ಲಿ ಹಿಂಡುಗಟ್ಟಿ ಸುಳಿದಾಡುವ, ಫಿಂಚುಗಳ ಬಳಗದವೇ ಆದ ನಮ್ಮ ರಾಟವಾಳಗಳನ್ನು ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ, ಮತ್ತು ಹಾಗಿರುವುದೇ ಸರಿ. ಇಲ್ಲಿ ಹೇಳುತ್ತಿರುವುದು ತಲೆತಲಾಂತರಗಳಿಂದ ಪಂಜರದಲ್ಲಿಯೇ ಹುಟ್ಟಿ ಬೆಳೆದ ಪರದೇಶದ ಹಕ್ಕಿಗಳ ವಿಷಯ: ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಮತ್ತು ಗೌಲ್ಡಿಯನ್, ಆಫ್ರಿಕಾದ ನೀಲಿಯೆದೆಯ ಕಾರ್ಡನ್‌ಬ್ಲೂ, ಹಾಗೂ ಬೆಂಗಾಲೀಸ್. ಈ ಕಡೆಯದು ನಮ್ಮ ಮಲೆನಾಡಿನಲ್ಲಿಯೂ ಕಾಣುವ ಬಿಳಿಬೆನ್ನಿನ ರಾಟವಾಳದ ಪ್ರಭೇದದಿಂದಲೇ ಪೂರ್ವದೇಶಗಳಲ್ಲಿ ಶತಮಾನಗಳ ಸಾಕಣೆಯಿಂದ ಮೂಡಿಬಂದ ತಳಿ.

ಜೀಬ್ರಾ ಫಿಂಚಿನ ಮರಿ ಹುಟ್ಟಿದಾಗ ಒಂದು ಗ್ರಾಂ ತೂಗುವುದೂ ಕಷ್ಟ. ಗೂಡು ಬಿಡುವ 18–20 ದಿನಗಳ ವೇಳೆಗೆ ಅದರ ತೂಕ ಹತ್ತು ಮಡಿಗೂ ಮಿಕ್ಕಿರುತ್ತದೆ. ಅಷ್ಟು ಅಲ್ಪಾವಧಿಯಲ್ಲಿ ಮಾಂಸವನ್ನೂ ಗರಿಯನ್ನೂ ಕಟ್ಟಿಕೊಳ್ಳಬೇಕಾದ ದೇಹಕ್ಕೆ, ನೂರಕ್ಕೆ ಸುಮಾರು ಹನ್ನೆರಡು ಭಾಗ ಮಾತ್ರ ಪ್ರೋಟೀನು ಇರುವ, ಅದರಲ್ಲಿಯೂ ಲೈಸಿನ್ ಎಂಬ ಅಗತ್ಯಾಂಶದ ಕೊರತೆಯುಳ್ಳ ಒಣ ನವಣೆ ಸಾಲದು. ಜೀಬ್ರಾ ಫಿಂಚೂ ಬೆಂಗಾಲೀಸೂ ಮೊಳಕೆಕಾಳು ಮತ್ತು ಬೇಯಿಸಿದ ಕೋಳಿಮೊಟ್ಟೆಗಳಿಂದ ಹೇಗೋ ಮರಿಗಳನ್ನು ಸಾಕಿಕೊಳ್ಳುತ್ತವೆ. ಕಾರ್ಡನ್‌ಬ್ಲೂ ಹಾಗಲ್ಲ, ಎದುರಿಗೆ ಮಿಸುಕಾಡುವ ಹುಳು ಕಾಣದಿದ್ದರೆ ಅದಕ್ಕೆ ಗುಟುಕು ಕೊಡುವ ಉತ್ಸಾಹವೇ ಹುಟ್ಟದು. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿರುವಂಥ ವಿಶಾಲ ಪಕ್ಷಿಗೃಹದಲ್ಲಿ ಗಿಡಮರಗಳ ನಡುವೆ ಅಷ್ಟಿಷ್ಟು ಹುಳುಹುಪ್ಪಟೆ ತಾವಾಗಿಯೇ ಹುಟ್ಟುತ್ತವೆ; ಮಹಡಿಯ ಮೇಲಿನ ಬಲೆಗೂಡಿನಲ್ಲಿ ಅದನ್ನು ಒದಗಿಸುವ ಹೊಣೆ ಸಾಕಿದವನದೇ.

ಈ ಹೊಣೆಯನ್ನು ನೆರವೇರಿಸಲು ಬೇಕಾದ ವಿದ್ಯೆ ಮೈಸೂರಿಗೆ ಹೊಸದಲ್ಲ. ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲ ಕೇಂದ್ರದಲ್ಲಿ, ಆನುವಂಶಿಕತೆಯ ಅಧ್ಯಯನಕ್ಕೆಂದು, ಹಣ್ಣಿನ ನೊಣಗಳನ್ನು ತಲೆಮಾರುಗಳಿಂದ ಸಾಕುತ್ತ ಬಂದಿದ್ದಾರೆ. ಅಲ್ಲಿ ಅವಕ್ಕೆ ಬಡಿಸುವ ಅಡುಗೆ ನಮ್ಮ ಸಜ್ಜಿಗೆಗೆ ತೀರ ಸಮೀಪದ್ದು: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿರವೆ, ಅಷ್ಟೇ ಬೆಲ್ಲ, ಗಟ್ಟಿಗೊಳಿಸಲು ತುಸು ಅಗರ್, ಬೂಷ್ಟು ಹಿಡಿಯದಂತೆ ಕೆಲವು ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ, ಮೇಲೆ ಚಿಟಿಕೆ ಯೀಸ್ಟ್. ಮನೆಯಲ್ಲಿ ಇಷ್ಟೂ ಬೇಡ. ಕಳಿತ ಬಾಳೆಹಣ್ಣನ್ನು ಅಗಲಬಾಯಿಯ ಸೀಸೆಯಲ್ಲಿಟ್ಟು ತೆರೆದಿರಿಸಿದರೆ ಒಂದೆರಡು ದಿನಗಳಲ್ಲಿ ನೊಣಗಳು ಬಂದು ಮೊಟ್ಟೆಯಿಡುತ್ತವೆ, ಬಳಿಕ ಬಾಯಿಗೆ ತೆಳುಬಟ್ಟೆ ಕಟ್ಟಿದರಾಯಿತು. ಮೈಸೂರಿನ ಹಿತವಾದ ಹವೆಯಲ್ಲಿ ಹತ್ತು ಹನ್ನೆರಡು ದಿನಗಳಿಗೆ ಹೊಸ ಪೀಳಿಗೆ ಏಳುತ್ತದೆ. ಫಿಂಚು ಕಾವು ಕೂರುವ ಅವಧಿಯೂ 12ರಿಂದ 14 ದಿನ. ಆದಕಾರಣ ಗೂಡಿನಲ್ಲಿ ಮೊದಲ ಮೊಟ್ಟೆ ಕಂಡ ದಿನವೇ ಸೀಸೆ ಹೂಡಿದರೆ, ಮರಿಯೂ ನೊಣವೂ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುವುವು. ಆಗ ಬಟ್ಟೆಯ ಅಂಚನ್ನು ಬೆರಳಗಲ ಸರಿಸಿ ಸೀಸೆಯನ್ನು ಪಂಜರದಲ್ಲಿಟ್ಟು ದೂರ ನಿಂತು ನೋಡಬೇಕು: ಗಂಡು ಹಕ್ಕಿ ಸೀಸೆಯ ಅಂಚಿನಲ್ಲಿ ಕುಳಿತು, ಕತ್ತನ್ನು ಓರೆಮಾಡಿ, ಸಂದಿಯಿಂದ ಹೊರಬರುವ ಒಂದೊಂದು ನೊಣವನ್ನೂ ರೆಕ್ಕೆ ಬಿಚ್ಚುವ ಮುನ್ನವೇ ಹಿಡಿದು, ಕಂಠ ತುಂಬಿದೊಡನೆ ನೇರವಾಗಿ ಗೂಡಿಗೆ ಹಾರುತ್ತದೆ.

ಹಕ್ಕಿ ಸಾಕುವವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮೀಲ್‌ವರ್ಮ್. ಹಿಟ್ಟಿನಲ್ಲಿ ಹುಟ್ಟುವ ಒಂದು ಬಗೆಯ ದುಂಬಿಯ ಮರಿಹುಳು. ಗೋಧಿಬೂಸಾ ಹರಡಿದ ಡಬ್ಬಿಯಲ್ಲಿ, ತೇವಕ್ಕೆಂದು ಒಂದು ತುಂಡು ಕ್ಯಾರೆಟ್ ಇಟ್ಟರೆ ಅದು ಸಲೀಸಾಗಿ ಬೆಳೆಯುತ್ತದೆ. ಆದರೆ ಇದರಲ್ಲಿ ಕೊಬ್ಬು ಹೆಚ್ಚು, ಸುಣ್ಣದಂಶ ಅತ್ಯಲ್ಪ. ಇದೊಂದನ್ನೇ ಉಣಿಸಿದ ಮರಿಯ ಮೂಳೆ ಬಾಗುತ್ತದೆ. ಆದ್ದರಿಂದ ಹುಳುವಿಗೆ ಕಡಲನೊರೆಯನ್ನೋ ಬೇಯಿಸಿದ ಮೊಟ್ಟೆಯ ಚಿಪ್ಪನ್ನೋ ನುಣ್ಣಗೆ ಪುಡಿಮಾಡಿ ಲೇಪಿಸಬೇಕು, ಪೊರೆ ಕಳಚಿ ಬೆಳ್ಳಗಿರುವ ಮೆತ್ತನೆಯ ಸಣ್ಣ ಹುಳುಗಳನ್ನೇ ಆರಿಸಬೇಕು.

1961ರಿಂದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಿರುವ ಮೈಸೂರಿನ ಸುತ್ತ ಚಾಕಿ ಹುಳುವೂ, ಎಂದರೆ ರೇಷ್ಮೆಯ ಎಳೆಯ ಹುಳುವೂ, ದುರ್ಲಭವಲ್ಲ. ಹಿಪ್ಪುನೇರಳೆಯ ಎಳೆಯೆಲೆ ತಿಂದು ಬೆಳೆದ, ಎಳ್ಳಿಗಿಂತ ತುಸು ಉದ್ದನೆಯ, ಕೂದಲೂ ಮುಳ್ಳೂ ಕಾಡದ ಈ ಮೃದುದೇಹಿ ಫಿಂಚಿನ ಕೊಕ್ಕಿಗೆಂದೇ ಅಳೆದು ಮಾಡಿದಂತಿದೆ. ಸಾಕಣೆಯ ತಟ್ಟೆಗೆ ಸೋಂಕುನಿವಾರಕ ಪುಡಿ ಎರಚುವ ವಾಡಿಕೆಯುಂಟಾದುದರಿಂದ, ಅದನ್ನು ಕೇಳಿ ತಿಳಿಯದೆ ತರಲಾಗದು. ಔಷಧಿ ಸಿಂಪಡಿಸಿದ ತೋಟದ ಮಿಡತೆಯನ್ನಂತೂ ಪಂಜರದ ಬಳಿಗೂ ಒಯ್ಯಬಾರದು.

ಹುಳುವನ್ನು ಕೊಲ್ಲಿಸುವುದು ಹಿಂಸೆಯಲ್ಲವೇ ಎಂದು ಕೇಳುವ ಮನೆಗಳು ನಮ್ಮಲ್ಲಿ ಹಲವು. ಆ ಸಂಕೋಚವನ್ನು ನಾನು ಗೌರವಿಸುತ್ತೇನೆ. ಅಂಥವರು ಕಾರ್ಡನ್‌ಬ್ಲೂ ಹಕ್ಕಿಗಳನ್ನು ಜೋಡಿಗೂಡಿಸದಿರುವುದೇ ಉಚಿತ. ಗೂಡು ಕಟ್ಟಲು ನಾರು, ತೆಂಗಿನ ಕರಟ ಎಲ್ಲವನ್ನೂ ಕೊಟ್ಟು, ಮರಿಯಾದ ಮೇಲೆ ಅದರ ಆಹಾರವನ್ನು ಮಾತ್ರ ನಿರಾಕರಿಸುವುದು ಅಹಿಂಸೆಯೆನಿಸದು.

ಮರಿಗಳು ಗೂಡಿನಿಂದ ಹೊರಬಿದ್ದ ದಿನವೇ ಹುಳುವನ್ನು ನಿಲ್ಲಿಸುವವರಿದ್ದಾರೆ. ಹಾರಬಲ್ಲ ಮರಿಯೂ ಇನ್ನೆರಡು ವಾರ ತಂದೆತಾಯಿಗಳ ಗುಟುಕನ್ನೇ ನಂಬಿರುತ್ತದೆ. ಅದು ತಾನಾಗಿ ನವಣೆಯ ಸಿಪ್ಪೆ ಬಿಡಿಸುವುದನ್ನು ಕಂಡ ಮೇಲೆಯೇ ಹುಳುವನ್ನು ದಿನದಿನಕ್ಕೆ ತುಸುತುಸುವೇ ಇಳಿಸುತ್ತ ಬರಬೇಕು.