ಸೀಸದ ಕಡ್ಡಿ ಎಳೆದ ಗೆರೆ

"ಬನ್ನಿ, ಬೇಗ ನೋಡಿ" ಎಂದು ಡಾಕ್ಟರು ಕರೆದಾಗ ನಾನು ಟೀ ಲೋಟ ಕೆಳಗಿಟ್ಟು ಓಡಿದೆ. ಬೆಂಗಳೂರಿನ ಹೊರವಲಯದಲ್ಲಿ ಬ್ಯಾಟರಿ ಪ್ಲೇಟ್ ತಯಾರಿಸುವ ಪುಟ್ಟ ಘಟಕ ಅದು. ವರ್ಷದ ಆರೋಗ್ಯ ತಪಾಸಣೆ ಕ್ಯಾಂಟೀನಿನಲ್ಲೇ ನಡೆದಿತ್ತು. ಪ್ಲೇಟಿಗೆ ಸೀಸದ ಪೇಸ್ಟ್ ಬಳಿಯುವ ಪೇಸ್ಟಿಂಗ್ ವಿಭಾಗದ ಹುಡುಗನೊಬ್ಬನ ಕೆಳತುಟಿ ಮಡಚಿ ಅವರು ಟಾರ್ಚ್ ಬಿಟ್ಟಿದ್ದರು. ವಸಡಿನ ಅಂಚಿಗೆ ಕೂದಲೆಳೆ ಕೆಳಗೆ, ಚುಕ್ಕಿ ಚುಕ್ಕಿಯಾಗಿ, ನೀಲಿಗಪ್ಪು ಗೆರೆ. ಸೀಸದ ಕಡ್ಡಿಯಲ್ಲಿ ಎಳೆದ ಹಾಗಿತ್ತು. ಸೀಸದ ಕಡ್ಡಿಯಲ್ಲಿ ಇರುವುದು ಬರೀ ಗ್ರಾಫೈಟ್. ಇದು ಅಸಲಿ ಸೀಸ.

ಪುಸ್ತಕದಲ್ಲಷ್ಟೇ ಕಂಡಿದ್ದ ಬರ್ಟನ್ ಗೆರೆ! ಲಂಡನ್ನಿನ ವೈದ್ಯ ಹೆನ್ರಿ ಬರ್ಟನ್ 1840ರಲ್ಲಿ ಇದನ್ನು ವಿವರಿಸಿದ. ರಕ್ತದಲ್ಲಿ ಹರಿದು ಬರುವ ಸೀಸಕ್ಕೆ, ಹಲ್ಲಿನ ಸಂದಿಯ ಕೊಳೆಯಲ್ಲಿ ಬದುಕುವ ಬ್ಯಾಕ್ಟೀರಿಯಾ ಬಿಡುವ ಗಂಧಕದ ಅನಿಲ ಸೇರಿ ಸಲ್ಫೈಡ್ ಆಗುತ್ತದೆ, ವಸಡಿನೊಳಗೇ ಕೂರುತ್ತದೆ. ಉಜ್ಜಿದರೆ ಹೋಗದು. ತಮಾಷೆಯೆಂದರೆ, ಹಲ್ಲು ಫಳಫಳ ಇಟ್ಟುಕೊಂಡವನ ಮೈಯಲ್ಲಿ ಅಷ್ಟೇ ಸೀಸವಿದ್ದರೂ ಗೆರೆ ಮೂಡದೇ ಇರಬಹುದು. ಹಲ್ಲು ಉದುರಿದ ಜಾಗದಲ್ಲಂತೂ ಇಲ್ಲವೇ ಇಲ್ಲ. ಆಮೇಲೆ ನಾನು ಸಾಲಿನಲ್ಲಿದ್ದವರ ಬಾಯನ್ನೆಲ್ಲ ಇಣುಕಿದೆ. ಒಬ್ಬರದ್ದು ಎಲೆಯಡಿಕೆ ಕಲೆ, ಇನ್ನೊಬ್ಬರದ್ದು ಹುಟ್ಟಿನಿಂದ ಬಂದ ಕಪ್ಪು ವಸಡು. "ನೀವೇನು ದಂತವೈದ್ಯರಾ?" ಎಂದು ಡಾಕ್ಟರು ರೇಗಿಸಿದರು.

ಗೆರೆ ನಂಬಿ ಕೂತರೆ ಕೆಟ್ಟೆವು, ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನಿಜ ಹೇಳುವುದು ತೋಳಿನ ರಕ್ತ. ಸೂಜಿ ಚುಚ್ಚುವ ಮೊದಲು ಚರ್ಮವನ್ನು ಸೋಪು ಹಾಕಿ ತೊಳೆದರು. ಮೈಮೇಲಿನ ದೂಳು ಒಂದು ಕಣ ಸೇರಿದರೂ ಲೆಕ್ಕ ಕೆಡುತ್ತದೆ. ಆದರೆ ರಕ್ತಕ್ಕೆ ಮರೆವು ಜಾಸ್ತಿ. ಅದರಲ್ಲಿನ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ, ಮೂಳೆಗೆ ಸೇರಿದ್ದು ದಶಕಗಟ್ಟಲೆ ಕೂರುತ್ತದೆ. ತಪಾಸಣೆಗೆ ಮುಂಚಿನ ತಿಂಗಳು ಆಳನ್ನು ಪ್ಯಾಕಿಂಗಿಗೆ ಕಳಿಸಿದರೆ ಸಾಕು, ರಿಪೋರ್ಟು ಚೆನ್ನಾಗಿ ಬರುತ್ತದೆ. ವರ್ಷಕ್ಕೊಂದೇ ಅಂಕಿಯ ಮೇಲೆ ನನಗೆ ನಂಬಿಕೆಯಿಲ್ಲದ್ದು ಅದಕ್ಕೇ.

ಕಾನೂನಿಗೆ ಬರಗಾಲವೇನಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ಕೊಟ್ಟ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಮೊದಲನೆಯದೇ ಸೀಸದ ವಿಷ. ಭೋಪಾಲದ ಅನಿಲ ದುರಂತದ ನಂತರ, 1987ರಲ್ಲಿ ಸೇರಿದ 41-ಸಿ ಕಲಂ ಅಪಾಯದ ಕೆಲಸಕ್ಕೆ ಸೇರುವ ಮೊದಲೂ, ಆಮೇಲೆ ಹನ್ನೆರಡು ತಿಂಗಳು ಮೀರದಂತೆಯೂ ತಪಾಸಣೆ ಆಗಬೇಕೆಂದಿತು. ದಾಖಲೆ ಕಾರ್ಮಿಕನ ಕೈಗೂ ಸಿಗಬೇಕೆಂದಿತು. ಇಲ್ಲಿ ಸಿಗುವುದು ಬೆಲ್ಲ. ದೂಳು ಗಂಟಲಲ್ಲಿ ನಿಲ್ಲುವುದಿಲ್ಲವಂತೆ. ಕೈ ತೊಳೆಯದೆ ತಿಂದರೆ ಬೆಲ್ಲದ ಜೊತೆ ಬೆರಳಿನ ಸೀಸವೂ ಹೊಟ್ಟೆಗೆ.

ಅಮೆರಿಕದ 1978ರ ನಿಯಮದಲ್ಲಿ ನನಗೆ ಹಿಡಿಸಿದ್ದು ಬೇರೆಯೇ ಸಂಗತಿ. ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂ ಮುಟ್ಟಿದರೆ ಕೆಲಸಗಾರನನ್ನು ಸೀಸದಿಂದ ದೂರ ಸರಿಸಬೇಕು, 40ಕ್ಕಿಂತ ಇಳಿದ ಮೇಲೆ ವಾಪಸು. ಅಲ್ಲಿಯವರೆಗೆ, 18 ತಿಂಗಳವರೆಗೂ, ಸಂಬಳಕ್ಕೆ ಕತ್ತರಿ ಹಾಕುವಂತಿಲ್ಲ. ಅಂಕಿಗಳು ಈಗ ಹಳಸಿವೆ, ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ರಕ್ತದೊತ್ತಡ, ಮೂತ್ರಪಿಂಡ ಕೆಡುತ್ತವೆ. ಸಂಬಳದ ಮಾತು ಹಳಸಿಲ್ಲ.

ಎರಡು ವಾರ ಬಿಟ್ಟು ಮತ್ತೆ ಹೋದೆ. ರಿಪೋರ್ಟು ಬಂದಿತ್ತು. ಗೆರೆಯ ಹುಡುಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಓದಲು ನನ್ನ ಕೈಗೆ ಕೊಟ್ಟ.

"ನಲವತ್ತೆಂಟು" ಎಂದೆ.

"ಮೂವತ್ತೈದಕ್ಕೆ ಪಾಸಲ್ವಾ ಸಾರ್?" ಎಂದು ನಕ್ಕ. ಡಾಕ್ಟರು ನಗಲಿಲ್ಲ, ನಾಳೆಯಿಂದ ಪೇಸ್ಟಿಂಗ್ ಬೇಡ, ಪ್ಯಾಕಿಂಗಿಗೆ ಹೋಗು ಎಂದರು. ಹುಡುಗನ ಬಾಯಿ ತಟ್ಟನೆ ಮುಚ್ಚಿಕೊಂಡಿತು.

"ಅಲ್ಲಿ ಓವರ್‌ಟೈಮ್ ಇಲ್ಲ ಸಾರ್."