ಮಗುವಿಗೆ ಬೇಕಾದ ರಕ್ತ

1983ರ ಮಾರ್ಚ್‌ನಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರು ಭಾರತದ ಮೊದಲ ಅಸ್ಥಿಮಜ್ಜೆಯ ಕಸಿಯನ್ನು ನೆರವೇರಿಸಿದರು. ಅದನ್ನು ಪಡೆದವಳು ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾಗಿದ್ದ 9 ವರ್ಷದ ಬಾಲಕಿ.

ಈ ರೋಗದಲ್ಲಿ ಮಜ್ಜೆಯು ಬಲಿಯದ ಬಿಳಿಯ ಕಣಗಳಿಂದ ತುಂಬುತ್ತದೆ. ಮಗು ಬಿಳಿಚಿಕೊಂಡು, ಜ್ವರ ಬಿಡದೆ, ಒಸಡಿನಲ್ಲಿ ರಕ್ತ ಒಸರಿದರೆ ರಕ್ತಪರೀಕ್ಷೆಗೆ ತಡಮಾಡಲಾಗದು.

ಮೊದಲ ಚಿಕಿತ್ಸೆ ತೀವ್ರವಾದ ಕೀಮೋಥೆರಪಿ. ಕಸಿ ಎಲ್ಲ ಮಕ್ಕಳಿಗೂ ಬೇಕಿಲ್ಲ. ಬೇಕಾದಾಗ ಒಡಹುಟ್ಟಿದ ಒಬ್ಬೊಬ್ಬರ ಮಜ್ಜೆಯೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಆದರೆ ಕೀಮೋಥೆರಪಿಯ ವಾರಗಳಲ್ಲಿ ರಕ್ತಸ್ರಾವದಿಂದ ಮಗುವನ್ನು ಕಾಯುವುದು ಅನ್ಯರು ನೀಡಿದ ಪ್ಲೇಟ್‌ಲೆಟ್‌ಗಳೇ. ಅವನ್ನು ಸುಮಾರು 5 ದಿನಕ್ಕಿಂತ ಹೆಚ್ಚು ಕೂಡಿಡಲಾಗದು. ಆದುದರಿಂದ ವರ್ಷಕ್ಕೊಂದು ರಕ್ತದಾನ ಶಿಬಿರ ಸಾಲದು. ಆರೋಗ್ಯವಂತರಾದ ನಾವು ಸರದಿಯಂತೆ ದಾನಕ್ಕೆ ಸಿದ್ಧರಿರಬೇಕು.